ಸಮುದ್ರವಿಹಾರಕ್ಕೆ ಹೊರಡುವ ಮುನ್ನ
(ಬಾನುಲಿ ಭಾಷಣ)

ನಮ್ಮ ಹಿರಿಯರ ಕಾಲಕ್ಕೆ ಹಡಗಿನ ಪ್ರಯಾಣವನ್ನು ಯಾರೂ ವಿಹಾರವೆಂದು ಕರೆಯುತ್ತಿರಲಿಲ್ಲ. ಸಮುದ್ರವನ್ನು ದಾಟಿ ಬಂದವನಿಗೆ ಊರಿನಲ್ಲಿ ಪ್ರಾಯಶ್ಚಿತ್ತ ಕಾದಿರುತ್ತಿತ್ತು. ಆ ಕಟ್ಟು ಸಡಿಲವಾದ ಮೇಲೂ ವಿಲಾಯಿತಿಗೆ ಓದಲು ಹೋಗುವ ತರುಣ ಮುಂಬಯಿಯಲ್ಲಿ ಹಡಗು ಹತ್ತಿ, ಏಡನ್ ಬಂದರನ್ನೂ ಸೂಯೆಜ್ ಕಾಲುವೆಯನ್ನೂ ಹಾದು, ವಾರಗಳ ತರುವಾಯ ಆಚೆಯ ನೆಲವನ್ನು ಮುಟ್ಟುತ್ತಿದ್ದ. ಗೋಕಾಕರಿಗೆ ‘ಸಮುದ್ರ ಗೀತೆಗಳು’ ಒದಗಿ ಬಂದದ್ದು ಅಂಥದೊಂದು ಯಾನದಿಂದಲೇ. ಆದರೂ ಅಂದಿನ ಪ್ರಯಾಣಿಕನಿಗೆ ಹಡಗು ಸಾಧನವೇ ಹೊರತು ಗುರಿಯಾಗಿರಲಿಲ್ಲ. ಅವನ ಆಯ್ಕೆಯೂ ಸುಲಭವಾಗಿತ್ತು. ಯಾವ ಊರಿಗೆ ಹೋಗಬೇಕೋ ಆ ಊರಿನ ಹಡಗು. ಕೈಯಲ್ಲಿ ಎಷ್ಟು ಹಣವಿದೆಯೋ ಆ ದರ್ಜೆಯ ಕೋಣೆ.

ಇಂದಿನ ವಿಹಾರನೌಕೆಯ ಮಾತು ಬೇರೆ. ಅದು ಹೊರಟ ಬಂದರಿಗೇ ಹಿಂದಿರುಗಿ ಬರುವುದುಂಟು. ಎಲ್ಲಿಗೂ ‘ಹೋಗದ’ ಈ ಪ್ರಯಾಣಕ್ಕಾಗಿ ವರ್ಷಕ್ಕೆ ಕೋಟಿಗಟ್ಟಲೆ ಜನ ಹಣ ತೆರುತ್ತಾರೆ. ಇದು ಬೆಳೆದು ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ೧೮೪೪ರಲ್ಲಿ ಇಂಗ್ಲೆಂಡಿನ ಪಿ ಅಂಡ್ ಓ ಸಂಸ್ಥೆ ಕಾದಂಬರಿಕಾರ ಥ್ಯಾಕರೆಗೆ ಪುಕ್ಕಟೆಯಾಗಿ ಮೆಡಿಟರೇನಿಯನ್ ಯಾನದ ಅವಕಾಶವನ್ನು ಕೊಟ್ಟಿತು; ಆತ ಅದರ ಕಥನವನ್ನು ೧೮೪೬ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಲೇಖಕನೊಬ್ಬನ ಮೂಲಕ ಜಾಹೀರಾತು ಮಾಡಿಸುವ ಉಪಾಯ ಅಷ್ಟು ಹಳೆಯದು. ೧೮೬೭ರಲ್ಲಿ ಮಾರ್ಕ್ ಟ್ವೇನ್ ‘ಕ್ವೇಕರ್ ಸಿಟಿ’ ಎಂಬ ಹಡಗಿನಲ್ಲಿ ಯುರೋಪನ್ನೂ ಪವಿತ್ರ ಭೂಮಿಯನ್ನೂ ನೋಡಿ ಬಂದು, ಸಹಪ್ರಯಾಣಿಕರನ್ನು ನಕ್ಕು ನಗಿಸುವಂತೆ ಬರೆದ. ವಿಹಾರಕ್ಕೆಂದೇ ಕಟ್ಟಿದ ಜರ್ಮನ್ ಹಡಗು ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್’ ೧೯೦೦ರಲ್ಲಿ ನೀರಿಗಿಳಿಯಿತು. ಆದರೆ ವಿಹಾರನೌಕೆಯ ನಿಜವಾದ ಯುಗ ತೊಡಗಿದ್ದು ೧೯೫೮ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಜೆಟ್ ವಿಮಾನಗಳು ಹಾರತೊಡಗಿದ ಬಳಿಕ. ಐದಾರು ದಿನಗಳ ಹಾದಿಯನ್ನು ಕೆಲವೇ ಗಂಟೆಗಳಲ್ಲಿ ಕ್ರಮಿಸುವ ವಿಮಾನದೆದುರು ಹಡಗು ಸೋತಿತು. ಸೋತ ಹಡಗುಗಳು ಬೇರೊಂದು ಜೀವನೋಪಾಯವನ್ನು ಹುಡುಕಿಕೊಂಡವು. ಬೇಗ ತಲುಪಿಸುವ ಹೊಣೆಯನ್ನು ಬಿಟ್ಟು, ನಿಧಾನವಾಗಿ ಸುತ್ತಾಡಿಸುವ ಕೆಲಸವನ್ನು ಹಿಡಿದವು.

ಈ ಮಾತು ಕನ್ನಡ ಶ್ರೋತೃಗಳಿಗೆ ಏತಕ್ಕೆ ಎಂದು ಕೇಳಬಹುದು. ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಸಿಯಾಟಲ್, ಸ್ಯಾನ್ ಹೋಸೆ ಮೊದಲಾದ ಊರುಗಳಲ್ಲಿ ನೆಲೆಸಿದ್ದಾರೆ. ನಿವೃತ್ತರಾದ ತಂದೆತಾಯಿಗಳು ಬೇಸಿಗೆಯಲ್ಲಿ ಅವರಲ್ಲಿಗೆ ಹೋಗುತ್ತಾರೆ. ಹೋದಾಗ ಮಕ್ಕಳು ಪ್ರೀತಿಯಿಂದ ಏರ್ಪಡಿಸುವ ಪ್ರವಾಸಗಳಲ್ಲಿ ಅಲಾಸ್ಕಾದ ಸಮುದ್ರವಿಹಾರ ಮೊದಲ ಸಾಲಿನದು. ಅರವತ್ತೈದು, ಎಪ್ಪತ್ತರ ಪ್ರಾಯದಲ್ಲಿ ಬಹುಶಃ ಒಮ್ಮೆಯೇ ಕೈಗೂಡುವ ಪ್ರಯಾಣವದು. ಹಣವೇನೋ ಮಕ್ಕಳದು, ಆಯುಷ್ಯದ ಆ ಏಳು ದಿನಗಳು ಮಾತ್ರ ತಂದೆತಾಯಿಗಳವು. ಆದಕಾರಣ ಅಲಾಸ್ಕಾವನ್ನೇ ಉದಾಹರಣೆಯಾಗಿಟ್ಟುಕೊಂಡು, ಇಂಥ ಯಾನವನ್ನು ಆರಿಸುವ ಕ್ರಮವನ್ನು ವಿವರಿಸಲು ಯತ್ನಿಸುತ್ತೇನೆ.

ಸಾಮಾನ್ಯವಾಗಿ ಜನ ಆಯ್ಕೆಯನ್ನು ಬೆಲೆಯಿಂದ ಆರಂಭಿಸುತ್ತಾರೆ. ಯಾವ ಹಡಗು ಅಗ್ಗ ಎಂದು ನೋಡುತ್ತಾರೆ. ಆಮೇಲೆ ಅದರಲ್ಲಿ ಎಷ್ಟು ಊಟದ ಮನೆಗಳಿವೆ, ಎಷ್ಟು ಈಜುಕೊಳಗಳಿವೆ ಎಂದು ಎಣಿಸುತ್ತಾರೆ. ಹಡಗು ಯಾವ ದಾರಿಯಲ್ಲಿ ಹೋಗುತ್ತದೆಂಬುದನ್ನು ಹತ್ತಿದ ಮೇಲೆ ತಿಳಿಯುತ್ತಾರೆ. ಈ ಕ್ರಮವನ್ನು ಪೂರ್ತಿಯಾಗಿ ತಿರುಗಿಸಬೇಕು. ಮೊದಲು ದಾರಿ, ಆಮೇಲೆ ತಿಂಗಳು, ಆಮೇಲೆ ಹಡಗಿನ ಗಾತ್ರ, ಆಮೇಲೆ ಕೋಣೆ, ಎಲ್ಲಕ್ಕೂ ಕೊನೆಯಲ್ಲಿ ಬೆಲೆ. ಹಡಗಿನೊಳಗಣ ಸೊಗಸು ಎಲ್ಲ ಸಾಗರಗಳಲ್ಲೂ ಒಂದೇ. ಕಿಟಕಿಯ ಹೊರಗಣ ನೋಟ ಆ ದಾರಿಯೊಂದರಲ್ಲೇ ಸಿಕ್ಕುವಂಥದು.

ದಾರಿಯ ವಿಚಾರ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಅಲಾಸ್ಕಾದ ಆಗ್ನೇಯ ಭಾಗದವರೆಗೆ, ದಡಕ್ಕೂ ದ್ವೀಪಗಳಿಗೂ ನಡುವೆ ಒಂದು ಜಲಮಾರ್ಗವಿದೆ. ಇದಕ್ಕೆ ‘ಇನ್‌ಸೈಡ್ ಪ್ಯಾಸೇಜ್’ ಎಂದು ಹೆಸರು. ನಾವು ಒಳಹಾದಿ ಎನ್ನಬಹುದು. ಅಲಾಸ್ಕಾದ ಭಾಗದಲ್ಲೇ ಸಾವಿರಕ್ಕೂ ಮಿಕ್ಕಿದ ದ್ವೀಪಗಳು ತೆರೆದ ಪೆಸಿಫಿಕ್ ಸಾಗರಕ್ಕೆ ಅಡ್ಡಲಾಗಿ ನಿಂತಿವೆ. ಅವುಗಳ ಮರೆಯಲ್ಲಿ ನೀರು ಬಹುಮಟ್ಟಿಗೆ ಶಾಂತವಾಗಿರುತ್ತದೆ. ಎರಡೂ ಕಡೆ ನೀರಿನಿಂದಲೇ ಎದ್ದಂತಿರುವ ಬೆಟ್ಟಗಳು, ಅವುಗಳ ಮೈತುಂಬ ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳ ದಟ್ಟ ಕಾಡು.

ಇಲ್ಲಿಗೆ ಹೋಗುವ ಹಡಗುಗಳಲ್ಲಿ ಹೆಚ್ಚಿನವು ಹೊರಡುವುದು ಎರಡು ಊರುಗಳಿಂದ: ಅಮೆರಿಕದ ಸಿಯಾಟಲ್, ಕೆನಡಾದ ವ್ಯಾಂಕೂವರ್. ನಕ್ಷೆಯಲ್ಲಿ ಇವೆರಡೂ ಒಂದರ ಪಕ್ಕದಲ್ಲೊಂದು ಇವೆ. ಆದರೆ ದಾರಿಗಳು ಬೇರೆ. ವ್ಯಾಂಕೂವರಿನಿಂದ ಹೊರಟ ಹಡಗು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪಕ್ಕೂ ಭೂಖಂಡಕ್ಕೂ ನಡುವಣ ಕಿರಿದಾದ ಜಲಸಂಧಿಗಳಲ್ಲಿ, ಎಂದರೆ ಒಳಹಾದಿಯಲ್ಲಿಯೇ ಸಾಗುತ್ತದೆ. ಸಿಯಾಟಲಿನಿಂದ ಹೊರಟ ಹಡಗು ಆ ದ್ವೀಪದ ಪಶ್ಚಿಮಕ್ಕೆ, ತೆರೆದ ಸಾಗರಕ್ಕೆ ಇಳಿದು ಉತ್ತರಕ್ಕೆ ಹೋಗುವುದೇ ಹೆಚ್ಚು. ಮೊದಲ ದಿನ ಎರಡೂ ಕಡೆ ಬೆಟ್ಟ ಕಾಣಬೇಕೇ, ಇಲ್ಲವೆ ದಿಗಂತದವರೆಗೆ ನೀರೇ ಕಂಡರೂ ಆದೀತೇ, ಅಲೆಯ ತೂಗಾಟಕ್ಕೆ ತಲೆಸುತ್ತುವ ಸ್ವಭಾವವಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಈ ಆಯ್ಕೆಯಲ್ಲೇ ಅಡಗಿದೆ. ಸಿಯಾಟಲಿನಲ್ಲಿ ಮಗಳ ಮನೆಯಿದ್ದವರಿಗೆ ಅಲ್ಲಿಂದ ಹೊರಡುವುದು ಅನುಕೂಲ, ವಿಮಾನದ ಖರ್ಚಿಲ್ಲ. ಆದರೆ ಆ ಉಳಿತಾಯಕ್ಕಾಗಿ ಬಿಟ್ಟುಕೊಡುವುದೇನೆಂಬುದು ತಿಳಿದಿರಬೇಕು.

ಇವೆರಡಲ್ಲದೆ ಇನ್ನೊಂದು ಬಗೆಯುಂಟು. ವ್ಯಾಂಕೂವರಿನಲ್ಲಿ ಹತ್ತಿ, ಹಿಂದಿರುಗದೆ, ಅಲಾಸ್ಕಾ ಕೊಲ್ಲಿಯನ್ನು ದಾಟಿ ಉತ್ತರದ ಸೀವರ್ಡ್ ಅಥವಾ ವಿಟಿಯರ್ ಎಂಬ ಬಂದರಿನಲ್ಲಿ ಇಳಿದುಬಿಡುವುದು. ಅಲ್ಲಿಂದ ರೈಲಿನಲ್ಲಿ ಡೆನಾಲಿ ಪರ್ವತದ ಕಡೆಗೂ ಹೋಗಬಹುದು. ದಾರಿಯೆಲ್ಲ ಹೊಸತಾಗಿರುತ್ತದೆಂಬುದು ಇದರ ಲಾಭ; ವಿಮಾನದ ವೆಚ್ಚ, ಗಂಟುಮೂಟೆಗಳ ಸಾಗಾಟ, ಆಯಾಸ ಇವು ಇದರ ಬೆಲೆ.

ದಾರಿಯ ಜೊತೆಗೆ ಕಾಯಿದೆಯ ತೊಡಕೊಂದಿದೆ. ಅಮೆರಿಕದಲ್ಲಿ ೧೮೮೬ರ ಒಂದು ಶಾಸನವಿದೆ. ಅದರ ಪ್ರಕಾರ ಪರದೇಶದ ಬಾವುಟ ಹಾರಿಸುವ ಹಡಗು, ನಡುವೆ ಪರದೇಶದ ಬಂದರೊಂದನ್ನು ಮುಟ್ಟದೆ, ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದೊಡ್ಡ ವಿಹಾರನೌಕೆಗಳು ಬಹುತೇಕ ಬಹಾಮಾಸ್, ಪನಾಮಾ, ಬರ್ಮುಡಾ ಮುಂತಾದ ದೇಶಗಳಲ್ಲಿ ನೋಂದಣಿಯಾದವು. ಆದಕಾರಣ ಸಿಯಾಟಲಿನಿಂದ ಹೊರಟು ಅಲ್ಲಿಗೇ ಮರಳುವ ಹಡಗೂ ಕೆನಡಾದ ವಿಕ್ಟೋರಿಯಾದಂಥ ಒಂದು ಊರಿನಲ್ಲಿ, ಹೆಚ್ಚಾಗಿ ಕೊನೆಯ ಸಂಜೆ, ಕೆಲವು ಗಂಟೆಗಳ ಮಟ್ಟಿಗೆ ನಿಲ್ಲುತ್ತದೆ. ನೂರಮೂವತ್ತು ವರ್ಷಕ್ಕೂ ಹಳೆಯ ಈ ಶಾಸನ ನಮ್ಮವರನ್ನು ನೇರವಾಗಿ ಮುಟ್ಟುವುದು ಹೀಗೆ: ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಅಮೆರಿಕದ ವೀಸಾ ಒಂದೇ ಸಾಲದು; ಕೆನಡಾದ ವೀಸಾವನ್ನೂ ಮೊದಲೇ ಪಡೆದಿರಬೇಕು. ಅಮೆರಿಕಕ್ಕೆ ಮರುಪ್ರವೇಶವೂ ಆಗಬೇಕಾದ್ದರಿಂದ ಅಲ್ಲಿಯ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಒಳಬರಲು ಅನುಮತಿಯಿರುವಂಥದಾಗಿರಬೇಕು. ಮಕ್ಕಳು ಅಲ್ಲಿಯ ಪೌರರಾಗಿರುವುದರಿಂದ ಅವರಿಗೆ ಈ ಪ್ರಶ್ನೆಯೇ ಏಳದು. ಚೀಟಿ ಕಾಯ್ದಿರಿಸುವಾಗ ತಂದೆತಾಯಿಗಳ ಮಾತು ಅವರಿಗೆ ಹೊಳೆಯದೆ ಹೋಗಬಹುದು. ಹಡಗಿನ ಬಾಗಿಲಲ್ಲಿ ನಿಂತಾಗ ಹೊಳೆದರೆ ಪ್ರಯೋಜನವಿಲ್ಲ.

ಇನ್ನು ಈ ದಾರಿಯಲ್ಲಿ ನೋಡುವುದೇನನ್ನು? ಊರುಗಳಿವೆ, ತಿಮಿಂಗಿಲಗಳಿವೆ, ಕಾಡಿವೆ. ಆದರೆ ಅಷ್ಟು ದೂರ ಜನರನ್ನು ಸೆಳೆಯುವುದು ಹಿಮನದಿ. ಮೇಲಿನ ಬೆಟ್ಟಗಳಲ್ಲಿ ವರ್ಷವರ್ಷವೂ ಬಿದ್ದ ಹಿಮ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಮಂಜುಗಡ್ಡೆಯಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗೆ ಹರಿಯುತ್ತದೆ. ಒತ್ತಡದಿಂದ ಒಳಗಿನ ಗಾಳಿಯ ಗುಳ್ಳೆಗಳು ಹೊರಟುಹೋಗಿ, ಆ ಗಡ್ಡೆ ಬೆಳಕಿನ ಕೆಂಪು ಅಂಶವನ್ನು ಹೀರಿ ನೀಲಿಯನ್ನು ಉಳಿಸಿಕೊಳ್ಳುತ್ತದೆ. ಸಮುದ್ರದವರೆಗೆ ಇಳಿದು ಬಂದ ಹಿಮನದಿಯ ಮುಖ ನೀರಿನ ಮೇಲೆ ನೀಲಿಗೋಡೆಯಂತೆ ನಿಲ್ಲುತ್ತದೆ. ಅದರಿಂದ ಮನೆಯಷ್ಟು ದೊಡ್ಡ ತುಂಡುಗಳು ಕಳಚಿ ಬೀಳುವಾಗ ಮೊದಲು ಬೀಳುವುದು ಕಾಣಿಸುತ್ತದೆ; ಒಂದೆರಡು ಕ್ಷಣ ಕಳೆದು ಸದ್ದು ಬರುತ್ತದೆ. ಆ ನಾಡಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಅದನ್ನು ಬಿಳಿಯ ಗುಡುಗು ಎಂದು ಕರೆದರು.

ಹಿಮನದಿಗಳನ್ನು ನೋಡಲು ಹೆಸರಾದ ಸ್ಥಳ ಗ್ಲೇಷಿಯರ್ ಬೇ ಎಂಬ ಕೊಲ್ಲಿ. ಇದರ ಚರಿತ್ರೆಯನ್ನು ತಿಳಿದು ಹೋದವನಿಗೆ ಅಲ್ಲಿ ಕಾಣುವುದು ಎರಡು ಪಟ್ಟು. ೧೭೯೪ರಲ್ಲಿ ಕಪ್ತಾನ ವ್ಯಾಂಕೂವರನ ತಂಡ ಈ ಕರಾವಳಿಯನ್ನು ಅಳೆಯುವಾಗ ಇಲ್ಲಿ ಕೊಲ್ಲಿಯೆಂಬುದು ಇರಲಿಲ್ಲವೆಂದೇ ಹೇಳಬೇಕು. ಬಾಯಿಯ ಸಮೀಪದವರೆಗೆ ಮಂಜುಗಡ್ಡೆ ತುಂಬಿತ್ತು. ೧೮೭೯ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ಟ್ಲಿಂಗಿಟ್ ಅಂಬಿಗರೊಡನೆ ದೋಣಿಯಲ್ಲಿ ಬಂದಾಗ ಗಡ್ಡೆ ನಲವತ್ತು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ೧೯೧೬ರ ಹೊತ್ತಿಗೆ ಅದು ಸುಮಾರು ನೂರು ಕಿಲೋಮೀಟರ್ ಹಿಂದಕ್ಕೆ ಹೋಗಿತ್ತು. ಇಂದು ಹಡಗು ತೇಲುವ ನೀರು ಇನ್ನೂರೈವತ್ತು ವರ್ಷಗಳ ಕೆಳಗೆ ಬರಿಯ ಹಿಮ. ಅದಕ್ಕೂ ಹಿಂದೆ ಅದೇ ಸ್ಥಳ ಹೂನಾ ಟ್ಲಿಂಗಿಟ್ ಜನರ ವಾಸಭೂಮಿಯಾಗಿತ್ತು. ಮುನ್ನುಗ್ಗಿ ಬಂದ ಹಿಮ ಹದಿನೆಂಟನೆಯ ಶತಮಾನದಲ್ಲಿ ಅವರನ್ನು ಹೊರಗಟ್ಟಿತು. ೨೦೧೬ರಲ್ಲಿ ಅವರ ಕುಲಗಳ ಮರದ ಮನೆಯೊಂದು ಆ ದಂಡೆಯಲ್ಲಿ ಮತ್ತೆ ಎದ್ದು ನಿಂತಿದೆ.

ಮ್ಯೂರ್ ಬರೆದ ವರದಿಗಳನ್ನು ಓದಿ ೧೮೮೦ರ ದಶಕದಲ್ಲೇ ಉಗಿಹಡಗುಗಳಲ್ಲಿ ಪ್ರವಾಸಿಗಳು ಬರತೊಡಗಿದರು. ಇಂದು ಇದು ರಾಷ್ಟ್ರೀಯ ಉದ್ಯಾನ. ಇದರೊಳಕ್ಕೆ ದಿನಕ್ಕೆ ಎರಡೇ ದೊಡ್ಡ ವಿಹಾರನೌಕೆಗಳಿಗೆ ಪ್ರವೇಶ. ಉದ್ಯಾನದ ಅಧಿಕಾರಿಗಳು ತಾವೇ ದೋಣಿಯಲ್ಲಿ ಬಂದು ಹಡಗು ಹತ್ತಿ ಪ್ರಯಾಣಿಕರಿಗೆ ವಿವರಣೆ ಕೊಡುತ್ತಾರೆ. ಹಡಗು ಎಲ್ಲಿಯೂ ದಡಕ್ಕೆ ಹತ್ತದೆ ಹೆಚ್ಚುಕಡಿಮೆ ಇಡೀ ಹಗಲನ್ನು ಅಲ್ಲಿ ಕಳೆಯುತ್ತದೆ. ಒಂದು ಮೈಲಿಯಷ್ಟು ಅಗಲವಾದ ಮಾರ್ಜರಿ ಹಿಮನದಿಯ ಎದುರಿಗೆ ನಿಂತು ನಿಧಾನವಾಗಿ ಸುತ್ತು ತಿರುಗುತ್ತದೆ. ದಿನಕ್ಕೆ ಎರಡೇ ಹಡಗೆಂದ ಮೇಲೆ ಎಲ್ಲ ಸಂಸ್ಥೆಗಳಿಗೂ ಪರವಾನಗಿ ದೊರೆಯದೆಂಬುದು ಸ್ಪಷ್ಟ. ಆದ್ದರಿಂದ ಪ್ರಯಾಣಪಟ್ಟಿಯನ್ನು ಓದುವಾಗ ಕಣ್ಣು ಎಚ್ಚರವಾಗಿರಬೇಕು. ‘ಹಿಮನದಿ ದರ್ಶನ’ ಎಂದು ಮಾತ್ರ ಬರೆದಿದ್ದರೆ ಅದು ಗ್ಲೇಷಿಯರ್ ಬೇ ಎಂದು ಭಾವಿಸಲಾಗದು. ಬೇರೆ ಸ್ಥಳಗಳು ಕೀಳೆಂದಲ್ಲ. ಉತ್ತರಕ್ಕಿರುವ ಹಬ್ಬರ್ಡ್ ಹಿಮನದಿ ಸುಮಾರು ನೂರಿಪ್ಪತ್ತು ಕಿಲೋಮೀಟರ್ ಉದ್ದದ್ದು. ಜಗತ್ತಿನ ಹೆಚ್ಚಿನ ಹಿಮನದಿಗಳು ಹಿಮ್ಮೆಟ್ಟುತ್ತಿರುವಾಗ ಅದೊಂದು ಶತಮಾನಕ್ಕೂ ಮೇಲ್ಪಟ್ಟು ಮುಂದೊತ್ತುತ್ತ ಬಂದಿದೆ. ೧೯೮೬ರಲ್ಲಿ ಮತ್ತು ೨೦೦೨ರಲ್ಲಿ ಎದುರಿನ ಜಲಮಾರ್ಗವನ್ನೇ ಕೆಲವು ಕಾಲ ಮುಚ್ಚಿಬಿಟ್ಟಿತ್ತು. ಹೋಗುವವನಿಗೆ ತಾನು ಯಾವುದನ್ನು ನೋಡಲು ಹಣ ಕೊಡುತ್ತಿದ್ದೇನೆಂಬುದರ ಅರಿವಿರಬೇಕು, ಅಷ್ಟೆ.

ಎರಡನೆಯದು ತಿಂಗಳು. ಹಡಗುಗಳು ಓಡಾಡುವುದು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಮೇ ತಿಂಗಳಿನಲ್ಲಿ ಬೆಟ್ಟಗಳ ನೆತ್ತಿಯಲ್ಲಿ ಹಿಮ ಇನ್ನೂ ಇರುತ್ತದೆ, ಮಳೆ ಕಡಿಮೆ, ಜನರೂ ಕಡಿಮೆ, ಬೆಲೆಯೂ ಇಳಿದಿರುತ್ತದೆ. ಚಳಿ ಮಾತ್ರ ಉಂಟು. ಜೂನಿನಲ್ಲಿ ಜೂನೋ ಪಟ್ಟಣದ ಹಗಲು ಹದಿನೆಂಟು ಗಂಟೆಗಳಷ್ಟು ದೀರ್ಘ. ಜುಲೈ, ಆಗಸ್ಟ್‌ಗಳಲ್ಲಿ ತೊರೆಗಳಲ್ಲಿ ಸಾಲ್ಮನ್ ಮೀನು ಪ್ರವಾಹಕ್ಕೆ ಎದುರಾಗಿ ಮೇಲೇರುತ್ತವೆ, ಕರಡಿಗಳು ಅವುಗಳಿಗಾಗಿ ದಡಕ್ಕಿಳಿಯುತ್ತವೆ. ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಕಳೆಯುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯುದ್ದಕ್ಕೂ ಇಲ್ಲಿ ಹೊಟ್ಟೆ ತುಂಬಿಕೊಳ್ಳುತ್ತವೆ. ಸೆಪ್ಟೆಂಬರಿನಲ್ಲಿ ಮಳೆ ಹೆಚ್ಚು, ಕಡಲು ಒರಟು. ರಾತ್ರಿ ಕತ್ತಲಾಗುವುದರಿಂದ ಮೋಡವಿಲ್ಲದಿದ್ದರೆ ಉತ್ತರದ ಪ್ರಭೆ ಕಂಡರೂ ಕಂಡೀತು.

ಮಳೆಯ ಮಾತು ಬಂತು. ಕೆಚಿಕನ್ ಎಂಬ ಊರು ಮಳೆಗೆ ಹೆಸರಾದದ್ದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು. ಅಮೆರಿಕದವರಿಗೆ ಇದು ಆಶ್ಚರ್ಯ. ನಮ್ಮ ಮಂಗಳೂರಿನವರಿಗೆ ತಮ್ಮೂರಿನ ಮಳೆಯೇ ನೆನಪಾದೀತು. ಭೇದವಿಷ್ಟೆ: ನಮ್ಮ ಕರಾವಳಿಯ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅಲ್ಲಿಯದು ವರ್ಷದುದ್ದಕ್ಕೂ ಹರಡಿದೆ. ಆದಕಾರಣ ಯಾವ ತಿಂಗಳು ಹೋದರೂ ನೀರು ತಡೆಯುವ ಅಂಗಿ ಬೇಕು, ಒಂದರ ಮೇಲೊಂದು ತೊಡುವ ಉಣ್ಣೆಯ ಬಟ್ಟೆ ಬೇಕು. ಬಿಸಿಲಿರುತ್ತದೆಂದು ಮಾತುಕೊಟ್ಟವರನ್ನು ನಂಬಬಾರದು. ಮೋಡ ಕವಿದ ದಿನ ಹಿಮನದಿಯ ನೀಲಿ ಇನ್ನೂ ಗಾಢವಾಗಿ ಕಾಣುತ್ತದೆಂಬುದು ಒಂದು ಸಮಾಧಾನ.

ಮೂರನೆಯದು ಹಡಗಿನ ಗಾತ್ರ. ಈ ಲೋಕದಲ್ಲಿ ಹಡಗನ್ನು ಅಳೆಯುವುದು ಟನ್ನಿನಿಂದ; ಆದರೆ ಆ ಟನ್ನು ತೂಕವಲ್ಲ, ಹಡಗಿನ ಒಳಗಣ ಅವಕಾಶದ ಅಳತೆ. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ನಲವತ್ತಾರು ಸಾವಿರ ಟನ್ನಿನದು. ೨೦೨೪ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಯಾನ ತೊಡಗಿದ ‘ಐಕಾನ್ ಆಫ್ ದಿ ಸೀಸ್’ ಸುಮಾರು ಎರಡೂವರೆ ಲಕ್ಷ ಟನ್ನಿನದು. ಏಳು ಸಾವಿರದ ಆರುನೂರು ಪ್ರಯಾಣಿಕರವರೆಗೆ ಹೊರಬಲ್ಲದು. ಟನ್ನಿನ ಸಂಖ್ಯೆಯನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಅವಕಾಶವೆಂಬುದು ಗೊತ್ತಾಗುತ್ತದೆ. ಮೂವತ್ತರ ಆಸುಪಾಸು ಬಂದರೆ ನೂಕುನುಗ್ಗಲು. ನಲವತ್ತೈದು, ಐವತ್ತು ಬಂದರೆ ಸಾವಕಾಶ. ಜಾಹೀರಾತಿನ ಹತ್ತು ಪುಟಗಳಿಗಿಂತ ಈ ಒಂದು ಭಾಗಾಕಾರ ಹೆಚ್ಚು ನಿಜ ಹೇಳುತ್ತದೆ.

ದೊಡ್ಡ ಹಡಗಿನಲ್ಲಿ ಅಲೆಯ ತೂಗಾಟ ಕಡಿಮೆ, ವೈದ್ಯರಿರುತ್ತಾರೆ, ಎತ್ತುವ ಯಂತ್ರಗಳಿರುತ್ತವೆ, ಮೊಮ್ಮಕ್ಕಳಿಗೆ ಆಟವಿರುತ್ತದೆ, ಬೆಲೆಯೂ ಎಟುಕುತ್ತದೆ. ಮಂಡಿನೋವಿನ ಹಿರಿಯರೂ ಎಂಟು ವರ್ಷದ ಮಕ್ಕಳೂ ಒಟ್ಟಿಗೆ ಹೋಗುವ ಕುಟುಂಬಕ್ಕೆ ಅದೇ ಸರಿ. ನೂರು ಜನಕ್ಕೂ ಕಡಿಮೆ ಹಿಡಿಸುವ ಸಣ್ಣ ಹಡಗು ದೊಡ್ಡದು ಹೋಗಲಾರದ ಸಂದುಗಳಿಗೆ ನುಗ್ಗುತ್ತದೆ. ತಿಮಿಂಗಿಲ ಕಂಡರೆ ಎಂಜಿನನ್ನು ನಿಲ್ಲಿಸಿ ಕಾಯುತ್ತದೆ. ಅದರ ಬೆಲೆ ಎರಡು ಮೂರು ಪಟ್ಟು. ಇವೆರಡಕ್ಕೂ ಹೊರತಾದ ಮೂರನೆಯದೊಂದಿದೆ. ಅದರ ಹೆಸರನ್ನು ಪ್ರವಾಸದ ಮಧ್ಯವರ್ತಿಗಳು ಎತ್ತುವುದು ಕಡಿಮೆ. ಅಲಾಸ್ಕಾ ಸಂಸ್ಥಾನದ ಸರಕಾರವೇ ೧೯೬೩ರಿಂದ ನಡೆಸುತ್ತಿರುವ ಫೆರಿ ಹಡಗುಗಳು. ಸಿಯಾಟಲಿನ ಉತ್ತರಕ್ಕಿರುವ ಬೆಲಿಂಗ್‌ಹ್ಯಾಮಿನಿಂದ ಹೊರಟರೆ ಒಂದೂವರೆ ದಿನದಲ್ಲಿ ಕೆಚಿಕನ್. ಅಲ್ಲಿಯ ಜನ ಕಾರುಗಳನ್ನೂ ಮನೆಸಾಮಾನನ್ನೂ ಹೇರಿಕೊಂಡು ಹೋಗುವುದು ಇದರಲ್ಲೇ. ಕೋಣೆಗೆ ಹಣವಿಲ್ಲದವರು ಮೇಲಟ್ಟದಲ್ಲಿ ಡೇರೆ ಹಾಕಿ ಮಲಗುವುದೂ ಉಂಟು. ಸಂಗೀತವಿಲ್ಲ, ಸತ್ಕಾರವಿಲ್ಲ, ನೋಟ ಮಾತ್ರ ಅದೇ. ವಯಸ್ಸೂ ಮೈಯೂ ಒಪ್ಪಿದರೆ ಆ ನಾಡಿನ ಜನರ ನಡುವೆ ಕುಳಿತು ಆ ನಾಡನ್ನು ನೋಡುವ ದಾರಿ ಇದು.

ನಾಲ್ಕನೆಯದು ಕೋಣೆ. ಕಿಟಕಿಯಿಲ್ಲದ ಒಳಕೋಣೆ ಅಗ್ಗ, ಕಿಟಕಿಯದು ಮಧ್ಯಮ, ಜಗುಲಿಯಿರುವುದು ದುಬಾರಿ. ಬಿಸಿಲುನಾಡಿನ ಯಾನಗಳಲ್ಲಿ ಜನ ಹೇಗೂ ಹೊರಗೇ ಇರುವುದರಿಂದ ಒಳಕೋಣೆ ಸಾಕೆನ್ನಬಹುದು. ಚಳಿಯ ಅಲಾಸ್ಕಾದಲ್ಲಿ, ಬೆಳಗಿನ ಐದು ಗಂಟೆಗೆ ಹೊದಿಕೆ ಹೊದ್ದುಕೊಂಡೇ ಬಾಗಿಲು ತೆರೆದು ನೋಡಬಯಸುವ ಹಿರಿಯರಿಗೆ, ಜಗುಲಿಗೆ ಕೊಟ್ಟ ಹಣ ವ್ಯರ್ಥವಲ್ಲ. ತಲೆಸುತ್ತಿನ ಭಯವಿದ್ದವರು ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಯನ್ನು ಆರಿಸಬೇಕು. ತಕ್ಕಡಿಯ ದಂಡಿಗೆಯ ತುದಿಗಳು ಏರಿಳಿದರೂ ನಡು ಅಲುಗುವುದು ಕಡಿಮೆ, ಹಡಗೂ ಹಾಗೆಯೇ. ಉತ್ತರಕ್ಕೆ ಹೋಗಿ ಅಲ್ಲೇ ಇಳಿಯುವ ಯಾನದಲ್ಲಿ ಬಲಮಗ್ಗುಲಿಗೆ ಭೂಖಂಡದ ದಡ ಕಾಣುತ್ತದೆ. ಹೋಗಿ ಬರುವ ಯಾನದಲ್ಲಿ ಯಾವ ಮಗ್ಗುಲಾದರೂ ಒಂದೇ.

ಊಟದ ಬಗ್ಗೆ ನಮ್ಮವರ ಆತಂಕ ಸಹಜವಾದುದು. ಸಸ್ಯಾಹಾರವನ್ನಾಗಲಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಆಹಾರವನ್ನಾಗಲಿ ಚೀಟಿ ಕಾಯ್ದಿರಿಸುವಾಗಲೇ ಬರೆದು ತಿಳಿಸಿದರೆ ದೊಡ್ಡ ಹಡಗುಗಳಲ್ಲಿ ಅದಕ್ಕೆ ಏರ್ಪಾಟಾಗುತ್ತದೆ. ಈ ಹಡಗುಗಳ ಅಡುಗೆಮನೆಗಳಲ್ಲೂ ಊಟದ ಸಾಲೆಗಳಲ್ಲೂ ಗೋವೆಯವರು, ನಮ್ಮ ಮಂಗಳೂರಿನ ಕಡೆಯವರು ದುಡಿಯುತ್ತಿರುವುದು ಹೊಸ ಸಂಗತಿಯೇನಲ್ಲ. ಬಡಿಸುವ ಕೈ ಒಮ್ಮೊಮ್ಮೆ ಕೊಂಕಣಿಯಲ್ಲೋ ತುಳುವಿನಲ್ಲೋ ಮಾತಾಡಿಸಿದರೆ ಅಚ್ಚರಿಪಡಬೇಕಾಗಿಲ್ಲ.

ಕೊನೆಗೆ ಬೆಲೆ. ಜಾಹೀರಾತಿನಲ್ಲಿ ಅಚ್ಚಾದ ಮೊತ್ತ ಬೆಲೆಯ ಪೀಠಿಕೆ ಮಾತ್ರ. ಅದು ಇಬ್ಬರು ಒಂದು ಕೋಣೆಯಲ್ಲಿರುವರೆಂಬ ಲೆಕ್ಕದಲ್ಲಿ ತಲೆಗೊಂದರಂತೆ ಹೇಳಿದ ಮೊತ್ತ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣವನ್ನೇ ಕೇಳಬಹುದು. ಅದರ ಮೇಲೆ ಬಂದರಿನ ತೆರಿಗೆಗಳು; ಸೇವಕರ ಇನಾಮೆಂದು ದಿನಕ್ಕೆ ತಲೆಗೆ ಹದಿನೈದರಿಂದ ಇಪ್ಪತ್ತು ಡಾಲರು; ಪಾನೀಯ, ದೂರಸಂಪರ್ಕ ಇವುಗಳ ಲೆಕ್ಕ ಬೇರೆ. ದಡದ ಮೇಲಿನ ಸುತ್ತಾಟಗಳಂತೂ ಕೆಲವು ವೇಳೆ ಮೂಲ ಬೆಲೆಯನ್ನೇ ಸರಿಗಟ್ಟುತ್ತವೆ. ಇವುಗಳನ್ನು ಹಡಗಿನವರ ಮೂಲಕವೇ ಕೊಂಡರೆ ತಡವಾದಾಗ ಹಡಗು ಕಾಯುತ್ತದೆ. ಹೊರಗೆ ಕೊಂಡರೆ ಅಗ್ಗವಾದೀತು, ಹಡಗು ಮಾತ್ರ ಯಾರಿಗೂ ಕಾಯದು. ಹಿರಿಯರಿಗೆ ಆರೋಗ್ಯವಿಮೆ ಇರಲೇಬೇಕು. ಹಡಗಿನ ವೈದ್ಯನ ಶುಲ್ಕ ದುಬಾರಿ. ನಡುದಾರಿಯಿಂದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸಬೇಕಾಗಿ ಬಂದರೆ ಆ ಖರ್ಚು ಒಂದು ಸಂಸಾರವನ್ನೇ ಅಲುಗಿಸಬಲ್ಲದು.

ಆಯ್ಕೆಯ ಕ್ರಮವನ್ನು ಹೇಳಿ ಮುಗಿಸಿದಂತಾಯಿತು. ಆದರೆ ಹೋಗುವವನು ತನ್ನನ್ನು ಮಾತ್ರ ನೆನೆದರೆ ಸಾಲದು. ಹೋಗಿ ಸೇರುವ ಊರನ್ನೂ ನೆನೆಯಬೇಕು. ಅಲಾಸ್ಕಾದ ರಾಜಧಾನಿ ಜೂನೋ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೆ ವಿಮಾನದಲ್ಲಿ. ಊರಿನ ಜನಸಂಖ್ಯೆ ಮೂವತ್ತೆರಡು ಸಾವಿರದಷ್ಟು. ೨೦೨೩ರ ಒಂದೇ ಬೇಸಿಗೆಯಲ್ಲಿ ಹಡಗುಗಳಿಂದ ಬಂದಿಳಿದವರು ಹದಿನಾರು ಲಕ್ಷಕ್ಕೂ ಹೆಚ್ಚು. ಚಿನ್ನದ ಹುಚ್ಚಿನಿಂದ ೧೮೯೭-೯೮ರಲ್ಲಿ ಹುಟ್ಟಿದ ಸ್ಕಾಗ್ವೆ ಇನ್ನೂ ಚಿಕ್ಕದು, ಸಾವಿರದ ಇನ್ನೂರರಷ್ಟು ಜನ. ಒಂದೊಂದು ದಿನ ಅದರ ಹಲವು ಪಟ್ಟು ಪ್ರವಾಸಿಗಳು ಅದರ ಒಂದೇ ದೊಡ್ಡ ಬೀದಿಯಲ್ಲಿ ತುಂಬಿಕೊಳ್ಳುತ್ತಾರೆ. ಬಂದರಿನ ಬಳಿಯ ಒಡವೆ ಅಂಗಡಿಗಳಲ್ಲಿ ಎಷ್ಟೋ ಬೇಸಿಗೆಗೆ ತೆರೆದು ಕೊನೆಯ ಹಡಗಿನೊಡನೆ ಬಾಗಿಲು ಹಾಕಿಕೊಳ್ಳುವಂಥವು. ಊರಿನವರಿಗೆ ಇದರಿಂದ ಜೀವನ ನಡೆಯುವುದೂ ನಿಜ, ಉಸಿರುಕಟ್ಟುವುದೂ ನಿಜ. ಜೂನೋ ೨೦೨೪ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂಬ ಮಿತಿಯನ್ನು ಹಡಗಿನ ಸಂಸ್ಥೆಗಳೊಡನೆ ಮಾತಾಡಿ ಗೊತ್ತುಮಾಡಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಶನಿವಾರ ದೊಡ್ಡ ಹಡಗುಗಳೇ ಬರಬಾರದೆಂಬ ಸೂಚನೆ ಮತಕ್ಕೆ ಬಂದಾಗ ಜನ ಅದನ್ನು ತಿರಸ್ಕರಿಸಿದರು. ಇದರಲ್ಲಿ ವಿರೋಧಾಭಾಸವಿಲ್ಲ. ಅನ್ನ ಕೊಡುವ ಅತಿಥಿಯನ್ನು ಯಾರೂ ಹೊರಗಟ್ಟರು; ಅವನು ಒಮ್ಮೆಗೇ ಇಡೀ ಬಂಧುಬಳಗವನ್ನು ಕರೆತಾರದಿರಲೆಂದು ಬಯಸುತ್ತಾರೆ.

ಹಡಗಿನ ಹೊಗೆಯ ಮಾತೂ ಇದೆ. ನಿಂತ ಹಡಗು ದೀಪಗಳಿಗಾಗಿ ಎಂಜಿನ್ ಓಡಿಸದೆ ದಡದಿಂದಲೇ ವಿದ್ಯುತ್ತನ್ನು ಪಡೆಯುವ ಏರ್ಪಾಟು, ವಿಹಾರನೌಕೆಗಳ ಮಟ್ಟಿಗೆ, ಜಗತ್ತಿನಲ್ಲಿ ಮೊದಲು ಆದದ್ದು ಜೂನೋದಲ್ಲೇ, ೨೦೦೧ರಲ್ಲಿ. ಅಂಥ ಸಲಕರಣೆಯುಳ್ಳ ಹಡಗೇ ಎಂದು ವಿಚಾರಿಸುವುದು ಪ್ರಯಾಣಿಕನ ಹಕ್ಕು. ವಿಚಾರಿಸುವವರು ಹೆಚ್ಚಿದಷ್ಟೂ ಸಲಕರಣೆಯೂ ಹೆಚ್ಚುತ್ತದೆ. ಜೂನೋ ಪೇಟೆಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಮೆಂಡೆನ್‌ಹಾಲ್ ಹಿಮನದಿಯಿದೆ. ಅದು ವರ್ಷವರ್ಷವೂ ಹಿಂದೆ ಸರಿಯುತ್ತಿದೆ. ಅದರ ಪಕ್ಕದ ಕಣಿವೆಯಲ್ಲಿ ಕಟ್ಟಿ ನಿಂತ ಕರಗುನೀರು ಒಮ್ಮೆಗೇ ಒಡೆದುಕೊಂಡು ೨೦೨೪ರ ಆಗಸ್ಟಿನಲ್ಲಿ ನೂರಾರು ಮನೆಗಳಿಗೆ ನುಗ್ಗಿತು. ನಾವು ನೋಡಲು ಹೋಗುವ ಹಿಮವನ್ನು ಕರಗಿಸುವ ಬೇಗೆಯಲ್ಲಿ ನಾವು ಹೋಗುವ ಹಡಗಿನದೂ ಒಂದು ಪಾಲು. ಇದನ್ನು ತಿಳಿದೂ ಹೋಗಬಹುದೇ ಎಂಬ ಪ್ರಶ್ನೆಗೆ ಒಬ್ಬೊಬ್ಬರ ಅಂತಃಕರಣ ಒಂದೊಂದು ಉತ್ತರ ಕೊಟ್ಟೀತು. ಹೋಗುವುದೇ ಆದರೆ ವರ್ಷಕ್ಕೊಂದು ಬಾರಿಯ ವಿನೋದವಾಗಿ ಹೋಗದೆ, ಒಮ್ಮೆ, ತಿಳಿದು, ಕಣ್ಣುತುಂಬ ನೋಡಿ ಬರುವುದು ಮೇಲೆಂದು ನನಗೆ ತೋರುತ್ತದೆ.

ಈ ಕ್ರಮ ಅಲಾಸ್ಕಾಕ್ಕೆ ಮಾತ್ರ ಸಲ್ಲುವುದಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗುವವರೂ ದಾರಿ, ಮಳೆಗಾಲ, ಪ್ರವೇಶದ ಅನುಮತಿ, ಹಡಗು, ಕೋಣೆ, ಬೆಲೆ ಎಂಬ ಇದೇ ಸರಣಿಯಲ್ಲಿ ಯೋಚಿಸಬೇಕು. ಅಲ್ಲಿಯ ಅಮೀನದೀವಿ ದ್ವೀಪಗಳು ೧೯೫೬ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ನೆನೆದರೆ ಆ ಸಮುದ್ರ ಅಷ್ಟೇನೂ ಪರಕೀಯವೆನಿಸದು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳನ್ನು ಬೆರಗುಗೊಳಿಸಬೇಕೆಂಬ ಪ್ರೀತಿಯಿಂದ ಎಷ್ಟೋ ಜನ ಅವರಿಗೆ ತಿಳಿಸದೆಯೇ ಚೀಟಿ ಕೊಂಡುಬಿಡುತ್ತಾರೆ. ತಂದೆಗೆ ಹಿ‌ಮ ನೋಡುವ ಆಸೆಯಿರಬಹುದು. ತಾಯಿಗೆ ಯಾವ ಹಿಮವೂ ಬೇಡ, ಮೊಮ್ಮಗು ಏಳು ದಿನ ಶಾಲೆಯಿಲ್ಲದೆ ತನ್ನ ಪಕ್ಕದಲ್ಲಿದ್ದರೆ ಸಾಕೆನಿಸಬಹುದು. ಇಬ್ಬರಿಗೂ ಒಂದೇ ಹಡಗು ಒಪ್ಪೀತು, ಆದರೆ ಒಂದೇ ದಿನಚರಿ ಒಪ್ಪದು. ಒಬ್ಬರಿಗೆ ಗ್ಲೇಷಿಯರ್ ಬೇಯ ಹಗಲು ಬೇಕು, ಇನ್ನೊಬ್ಬರಿಗೆ ಎಲ್ಲಿಯೂ ಇಳಿಯದೆ ಜಗುಲಿಯಲ್ಲಿ ಕುಳಿತು ಕಥೆ ಹೇಳುವ ಸಂಜೆ ಬೇಕು. ನಕ್ಷೆಯನ್ನು ಬಿಡಿಸುವ ಮೊದಲು, ಬೆಲೆಯನ್ನು ಕೂಡಿಸುವ ಮೊದಲು, ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ನಿಮಗೆ ಏನನ್ನು ನೋಡಬೇಕೆನಿಸುತ್ತದೆ ಎಂದು ಕೇಳಬೇಕು. ಉಳಿದ ಪ್ರಶ್ನೆಗಳೆಲ್ಲ ಈ ಪ್ರಶ್ನೆಯ ಅನಂತರ ಬರತಕ್ಕವು.